ಬಟಾಣಿ ಪಕ್ಕದ ಬೇರಿಂಗ್

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ವಯಸ್ಸಾದ ಮೆಕ್ಯಾನಿಕ್, ಪಕ್ಕದಲ್ಲಿ ಅವರ ಮಗಳು. ಇಬ್ಬರ ಉಗುರಿನಲ್ಲೂ ಗ್ರೀಸು. ಅವರ ತೊಡೆಯ ಮೇಲಿನ ಚೀಲದಿಂದ ತೊಟ್ಟಿಕ್ಕಿದ ನೀರು ನನ್ನ ಚಪ್ಪಲಿಯವರೆಗೆ ಹರಿದು ಬಂತು. ಅದಕ್ಕೇ ನನ್ನ ಕಿವಿ ಅತ್ತ ಹೋಯಿತು.

“ಅಪ್ಪ, ಡಬ್ಬಿಯಲ್ಲಿರೋ ಐಸ್ ಕರಗ್ತಿದೆ.”

“ಕರಗ್ಲಿ ಬಿಡು. ಬೇರಿಂಗ್ ಇನ್ನೂ ತಣ್ಣಗಿದೆ, ಕುಗ್ಗಿರುತ್ತೆ. ಇಂಜಿನ್ ತೂತಿಗೆ ಸಲೀಸಾಗಿ ಕೂರುತ್ತೆ.”

“ಅದಕ್ಕೆ ಮೊದ್ಲು ಗೇರ್‌ಬಾಕ್ಸ್ ಮತ್ತೆ ಇಳಿಸ್ಬೇಕಲ್ಲ.”

“ಹೂಂ. ನಿನ್ನೆ ತಾನೇ ಗಾಡಿಗೆ ಬೇರೆ ಇಂಜಿನ್ ಕೂರಿಸಿ, ಇಬ್ರೂ ಸೊಂಟ ಮುರ್ಕೊಂಡು ಅದನ್ನ ಏರಿಸಿದ್ದು. ನಿಮ್ಮಮ್ಮ ಬೆಳಗ್ಗೆ ಫ್ರೀಜರ್ ತೆಗೆದು, ‘ಬಟಾಣಿ ಪಕ್ಕ ಇದೇನ್ರೀ?’ ಅಂದಾಗ್ಲೇ ಗೊತ್ತಾಗಿದ್ದು, ಕುಗ್ಲಿ ಅಂತ ಅಲ್ಲಿಟ್ಟಿದ್ದ ಬೇರಿಂಗ್ ಹಾಕೋದನ್ನೇ ಮರೆತಿದೀವಿ ಅಂತ.”

“ಹೋಗ್ಲಿ, ತಪ್ಪು ನಂದು.”

“ನಿಂದು ಹೇಗೆ? ಗೇರ್‌ಬಾಕ್ಸ್ ಏರಿಸೋ ಮೊದ್ಲು, ಈ ಪೈಲಟ್ ಬೇರಿಂಗ್ ಹಾಕಿದ್ಯಾ ಅಂತ ನೀನು ಕೇಳಿದೆ. ಹೂಂ ಅಂದೋನು ನಾನು. ಹಾಕಿದ ಹಾಗೇ ಅನ್ನಿಸ್ತು ಕಣೇ.”

“ನಾನು ಬಗ್ಗಿ ನೋಡ್ಬೇಕಿತ್ತು.”

“ಯಾಕೆ ನೋಡ್ಲಿಲ್ಲ?”

ಮಗಳು ಕಿಟಕಿಯ ಕಡೆ ತಿರುಗಿದಳು.

“ನನಗೆ ಕೆಲಸ ಕಲಿಸಿದೋನು ನೀನು. ನೋಡಿದ್ರೆ ನಿನಗೆ ಬೇಜಾರಾಗುತ್ತೆ ಅಂತ.”

“ಆಗುತ್ತೆ.” ಅವರು ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡರು. “ಆದ್ರೂ ಇನ್ಮೇಲೆ ನೋಡು, ಮಗಳೇ.”

ಸ್ಟಾಪ್ ಬಂತು. ಇಬ್ಬರೂ ಇಳಿದು ನನ್ನ ಕಿಟಕಿಯ ಕೆಳಗೆ ನಿಂತರು.

“ಡಬ್ಬಿ ತಗೊಂಡ್ಯಾ, ಅಪ್ಪ?”

“ಹೂಂ.”

 ಮಗಳು ಚೀಲದೊಳಗೆ ನೋಡಲು ಬಗ್ಗಿದಳು. ಅಪ್ಪ ಚೀಲದ ಬಾಯಿಯನ್ನು ಅಗಲಿಸಿ ಹಿಡಿದರು.