ಹೊತ್ತು ಮುಳುಗಿದರೆ ಅರ್ಜೆಂಟೀನಾ

...ಅದಕ್ಕೆ ನಾನೇನು ಮಾಡ್ಲಿ, ಹಿಲಾರಿಯೋನ್? ಹೊತ್ತು ಮುಳುಗಿದ್ರೆ ನಿನ್ನ ರೇಡಿಯೋದಲ್ಲಿ ಈ ನಿಕನೋರಾ ಓದೋ ಸುದ್ದಿ ಇರಲ್ಲ, ಅರ್ಜೆಂಟೀನಾದ ಫುಟ್ಬಾಲ್ ಇರುತ್ತೆ. ಇಡೀ ಬೆಟ್ಟಕ್ಕೇ ಗೊತ್ತಿರೋ ವಿಷಯ. ಬಾಗಿಲಲ್ಲಿ ಯಾಕೆ ನಿಂತೆ, ಕೂತ್ಕೋ ತಮ್ಮಾ. ಜಗಿಯೋಕೆ ಕೋಕಾ ಎಲೆ ತಗೋ... ಬೇಡ್ವಾ? ಸರಿ.

ರೇಡಿಯೋ ಮುಳ್ಳು ನಿಲ್ಲೋದು ಎಲ್ಲರಿಗೂ ಒಂದೇ ನಂಬರಲ್ಲಿ ನೋಡು. ಮೆಕ್ಸಿಕೋದಲ್ಲಿ ಯಾವನಿಗೋ, ಕೊಲಂಬಿಯಾದಲ್ಲಿ ಒಬ್ಬ ಪಾದ್ರಿಗೆ, ಅರ್ಜೆಂಟೀನಾದವರಿಗೆ, ಕೊನೆಗೆ ಬೊಲಿವಿಯಾದ ಈ ಮೂಲೇಲಿ ನನಗೆ. ಹಗಲೆಲ್ಲ ಅವರವರ ಮನೇಲಿ ಅವರವರು. ಕತ್ತಲಾದ್ರೆ ಸಾಕು, ದೂರದ ದನಿಗಳೆಲ್ಲ ಆಕಾಶ ಹತ್ತಿ ಬಂದುಬಿಡ್ತವೆ. ಕರೆಯದೆ ಬಂದ ಬೀಗರು! ನಮ್ಮ ಚಾಪೆ ಮೇಲೇ ಮಲಗಿ ನಮ್ಮನ್ನೇ ಆಚೆ ತಳ್ತಾರೆ. ಅವರ ಮುಂದೆ ನಮ್ಮ ಸ್ಟೇಷನ್ ಯಂತ್ರ ಅಂದ್ರೆ ಕೆಮ್ಮೋ ಮುದುಕ. ನಗು, ಪರವಾಗಿಲ್ಲ... ನಗು ಬರ್ತಿಲ್ವಾ?

ಗೊತ್ತಪ್ಪ, ನಿನ್ನಕ್ಕ ಬಸಿಲಿಯಾ ಲಾಪಾಸ್ ಆಸ್ಪತ್ರೇಲಿದಾಳೆ. ಅಲ್ಲಿಯ ಸುದ್ದಿ ನಿನಗೆ ಮುಟ್ಟೋಕೆ ನನ್ನ ಬಾಯಿ ಬಿಟ್ರೆ ಬೇರೆ ದಾರಿ ಇಲ್ಲ. ಬಂದ್ರೆ ಓದದೆ ಇರ್ತೀನಾ? ಓದಿದೆ. ನಿನ್ನೇನೇ ಓದಿದೆ. ಮಧ್ಯಾಹ್ನ... ಅಲ್ಲ, ಮಧ್ಯಾಹ್ನ ಬಂತು, ಸಾಯಂಕಾಲ ಓದಿದೆ. ಕೆಲಸ ಇರಲ್ವಾ ನನಗೆ? ಆಲೂಗಡ್ಡೆ ರೇಟು, ಮೇಯರ್ ಹುಟ್ಟುಹಬ್ಬ, ಯಾರದೋ ಕತ್ತೆ ತಪ್ಪಿಸ್ಕೊಂಡಿದ್ದು... ಯಾಕೆ ಹಾಗೆ ನೋಡ್ತೀಯ? ದೊಡ್ಡ ಸುದ್ದಿಯೇನಲ್ಲ. ಹೀಗೇ... ಆಸ್ಪತ್ರೆ ಅಂದ್ಮೇಲೆ ಒಂದು ದಿನ ಇದ್ದ ಹಾಗೆ ಒಂದು ದಿನ ಇರಲ್ಲ.

ಏನು ಸುದ್ದಿ ಅಂತ ಕೇಳು. ಅದಕ್ಕೇ ತಾನೇ ಬೆಳಗಾಗೋದ್ರೊಳಗೆ ಬೆಟ್ಟ ಇಳಿದಿದ್ದು? ಕೇಳು ಮಾರಾಯ!

ಯಾಕೆ ಕೇಳ್ತಿಲ್ಲ?

ಹಿಲಾರಿಯೋನ್... ನಿನ್ನೆ ಅರ್ಜೆಂಟೀನಾ ಬರಲಿಲ್ವಾ? ನನ್ನ ದನಿ ಪೂರ್ತಿ ಕೇಳಿಸ್ತಾ? 'ಅಡುಗೆಗೆ ಕಾಯದೆ ಹೊರಡಿ' ಅಂದಿದ್ದೂ?

ಅಯ್ಯೋ ದೇವರೇ. ಸತ್ತರು ಅಂತ ರೇಡಿಯೋದಲ್ಲಿ ಅನ್ನಬಾರದು ಅಂತ ನಾವು ಹೀಗನ್ನೋದು. ಬೆಟ್ಟದ ಕೂಸಿಗೂ ಅರ್ಥ ಆಗುತ್ತೆ. ಅದಕ್ಕೇ ಕತ್ತಲಿಗೆ ಕಾದೆ, ತಮ್ಮಾ. ಓದಿದ ಹಾಗೂ ಆಗ್ಬೇಕು, ನಿನಗೆ ಕೇಳಿಸಲೂ ಬಾರದು. ಸಂತೆಗೆ ಬಂದಾಗ ಕೈ ಹಿಡಿದು ಹೇಳೋಣ ಅಂತಿದ್ದೆ. ಈ ಬೆಟ್ಟದ ಸಾವೆಲ್ಲ ನನ್ನ ಬಾಯಿಂದಲೇ ಹೊರಟಿದ್ದು. ಸಾಕಾಗಿದೆ ನನಗೆ. ಒಂದನ್ನಾದ್ರೂ ಅರ್ಜೆಂಟೀನಾದವರು ನುಂಗ್ಲಿ ಅಂದ್ಕೊಂಡೆ... ಇಷ್ಟು ವರ್ಷ ತಪ್ಪದೆ ಬಂದವರಿಗೆ ನಿನ್ನೇನೇ ಕರೆಂಟು ಹೋಗ್ಬೇಕಿತ್ತಾ?

ಬೈಯೋದಿದ್ರೆ ಬೈದುಬಿಡು.

ತಮ್ಮಾ... ಕೇಳಿಸಿಕೊಂಡಾಗ ಒಬ್ಬನೇ ಇದ್ದೆಯಾ?