ಚುಚ್ಚುಕಾಗದದಲ್ಲಿ ಇಲ್ಲದ ಎಲೆ

ಊಟ ಆಗಿದೆ ತಾನೆ? ಆಗಿಲ್ಲ ಅಂದ್ರೆ ಇದನ್ನ ಕೇಳಬೇಡ... ಆಮೇಲೆ ತುತ್ತು ಇಳಿಯಲ್ಲ.

ನನ್ನ ದೊಡ್ಡಪ್ಪನ ಮಗ ಬಾಲಬಾನ್‌ಗೆ ಆದದ್ದು, ಇದೇ ಎದಿರ್ನೆ ಊರಲ್ಲಿ. ಮಬ್ಬುಗತ್ತಲು. ಚಿನಾರ್ ಮರದ ಬಾವಿ ದಾಟಿ ಮನೆಗೆ ಬರುತ್ತಿದ್ದ. ಅಂಗಿಯೊಳಗೆ, ಎದೆಗೆ ಅಂಟಿಕೊಂಡು, ಒಂದು ಒದ್ದೆ ಕಾಗದ.

ನಮ್ಮ ಗುರು ಸಾರುಜಾ ಉಸ್ತಾದರ ಕಾಗದ. ಅವತ್ತು ತಾನೆ ಅವರನ್ನು ಮಣ್ಣು ಮಾಡಿ ಬಂದಿದ್ದೆವು. ಅದರಲ್ಲಿ ಬರೆದ ಬಳ್ಳಿಯ ಗೆರೆಗುಂಟ ಸೂಜಿಯಿಂದ ಸಾಲಾಗಿ ತೂತು ಚುಚ್ಚಿದ್ದು. ಗೋಡೆಗಿಟ್ಟು ಇದ್ದಿಲಪುಡಿಯ ಗಂಟು ಬಡಿದರೆ ಚಿತ್ರ ಇಳಿಯುತ್ತೆ. ಉಸ್ತಾದ್ ಸತ್ತರೆ ಅದು ಅವರ ಕಫನಿನೊಳಗೇ, ಹೆಣಕ್ಕೆ ಸುತ್ತುವ ಬಟ್ಟೆಯೊಳಗೇ ಹೋಗಬೇಕು. ಗೋಡೆಗೆ ಬಣ್ಣ ಬರೆಯುವ ನಮ್ಮವರ ಪದ್ಧತಿ. ಹೆಣ ತೊಳೆಯಲು ನಿಂತ ಬಾಲಬಾನ್ ಅದನ್ನೇ ಎಗರಿಸಿದ. ಮೈ ತೊಳೆದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು... ಥೂ.

ಶುಕ್ರವಾರ ಅವನಿಗೆ ಉಸ್ತಾದ್ ಅಂತ ಸೊಂಟಪಟ್ಟಿ ಕಟ್ಟುವುದಿತ್ತು. ಅದಕ್ಕೆ ಹೊಸ ಮಸೀದಿಯ ಗೋಡೆಯಲ್ಲಿ ಸ್ವಂತ ಬಳ್ಳಿ ಬರೆದು ತೋರಿಸಬೇಕು. ಹದಿನಾರು ವರ್ಷ ಕುಂಚ ತೊಳೆದರೂ ಅವನ ಬಳ್ಳಿ ಹುಳ ಹರಿದ ಹಾಗೇ ಇತ್ತು.

ಬಾವಿಯ ಹತ್ತಿರ... ಚುಚ್. ಚುಚ್. ಕಾಗದಕ್ಕೆ ಸೂಜಿ ಇಳಿಯುವ ಸದ್ದು. ಅವನು ನಿಂತ, ಸದ್ದೂ ನಿಂತಿತು. ನಡೆದ... ಚುಚ್. ಅವನ ಅಂಗಿಯೊಳಗಿಂದ.

ಮನೆಯಲ್ಲಿ ಹೆಂಡತಿ ಅಯ್ಬಿಕೆ ಮೂಗು ಮುಚ್ಚಿಕೊಂಡಳು.

"ಏನ್ರೀ ಇದು, ಹೆಣದ ನಾತ?"

"ಮೆಲ್ಲಗೆ ಮಾತಾಡೇ. ಅಂಟಿನ ವಾಸನೆ."

"ಚರ್ಮ ಕುದಿಸಿ ಅಂಟು ಕಾಯಿಸೋ ಮನೇಲಿ ಹುಟ್ಟಿದೋಳು ನಾನು. ಅಂಟು ಯಾವುದು ಅಂತ ನನಗೆ ಹೇಳ್ಕೊಡಬೇಡಿ."

ಮರುದಿನ ಕಾಗದವನ್ನು ಮಸೀದಿ ಗೋಡೆಗಿಟ್ಟು ಗಂಟು ಬಡಿದ. ದಪ್... ದಪ್. ಬಳ್ಳಿ ಚೆನ್ನಾಗೇ ಇಳಿಯಿತು. ತುದಿಯ ಸೀಳೆಲೆ ಮಾತ್ರ ಇಲ್ಲ. ಕಳ್ಳರ ಭಯಕ್ಕೆ ಉಸ್ತಾದ್ ಆ ಒಂದು ಎಲೆಯನ್ನು ಚುಚ್ಚುತ್ತಲೇ ಇರಲಿಲ್ಲ, ಕೈಯಿಂದ ಬರೆಯುತ್ತಿದ್ದರು. ಆಸೆಯಲ್ಲಿ ಮುಠ್ಠಾಳ ಅದನ್ನೇ ಮರೆತಿದ್ದ. ಬಳ್ಳಿಗೆ ಬಣ್ಣ ತುಂಬಿದ. ಎಲೆಯನ್ನು ಹತ್ತು ಸಲ ಬರೆದ, ಒರೆಸಿದ. ಸಂಜೆ ಕೈಚೆಲ್ಲಿ, ಬಾಗಿಲಿಗೆ ಬೀಗ ಹಾಕಿ ಬಂದ.

ಶುಕ್ರವಾರ ಬೀಗ ತೆಗೆದರೆ ಎಲೆ ಇತ್ತು. ಹಸಿಹಸಿ. ನಾನೂ ಅಲ್ಲೇ ನಿಂತಿದ್ದೆ. ತಾನು ಬರೆಯದ ಎಲೆ ಕಂಡು ಇವನ ಮುಖ ಅರಳಿತು ನೋಡು... ನನಗೆ ಹೇಸಿಗೆ ಬಂದದ್ದು ಆಗ.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ದುರಾಕ್ ಉಸ್ತಾದ್ ಸೊಂಟಪಟ್ಟಿ ಹಿಡಿದು ಬಂದರು. ಎಲೆಯ ಹತ್ತಿರ ಮೂಗು ಒಡ್ಡಿ, ಹಿಂದೆ ಸರಿದರು.

"ಬಣ್ಣ ಕಲಸೋಕೆ ಕೊಳೆತ ಮೊಟ್ಟೆ ಹಾಕಿದ್ಯೇನೋ?"

"ಇಲ್ಲ ಉಸ್ತಾದ್, ತಾಜಾದ್ದು."

"ಎಲೆ ಬರೆದೋರು ಯಾರಪ್ಪ?"

"ನಾನೇ."

ಮುದುಕರು ಎಲೆಯನ್ನು ಬೆರಳಲ್ಲಿ ಮುಟ್ಟಿದರು. ಬೆರಳಿಗೆ ಬಣ್ಣ ಹತ್ತಲಿಲ್ಲ, ನೀರು ಹತ್ತಿತು. ಕರ್ಪೂರದ ವಾಸನೆ, ಅದರಡಿಯಲ್ಲಿ ಇನ್ನೊಂದು ವಾಸನೆ. ಹೆಣ ತೊಳೆದವರಿಗೆ ಗೊತ್ತು.

"ಈ ಎಲೇನ ನಲವತ್ತು ವರ್ಷ ನೋಡಿದೀನಿ," ಪಿಸುಗುಟ್ಟಿದರು. "ಇದನ್ನ ಬರೆಯೋನನ್ನ ಮೊನ್ನೆ ಹೂತು ಬಂದ್ವಲ್ಲೋ."

ಸೊಂಟಪಟ್ಟಿ ಸುತ್ತಿ ಜೋಳಿಗೆಗೆ ಹಾಕಿಕೊಂಡರು. ಬಾಲಬಾನ್ ಕಳ್ಳತನ ಒಪ್ಪಿ ಅಂಗಿಯಿಂದ ತೆಗೆದುಕೊಟ್ಟ ಕಾಗದವನ್ನು ಅವತ್ತೇ ಸಾರುಜಾ ಉಸ್ತಾದರ ಗೋರಿಗೆ ಸೇರಿಸಿದೆವು. ಬಾಲಬಾನ್ ಸಾಯುವವರೆಗೂ ಬರೀ ಸುಣ್ಣ ಕಲಸಿದ.

ಎಲೆ ಕೆರೆದೆವು. ಗಾರೆ ಕಿತ್ತು ಹೊಸದು ಹಾಕಿದೆವು. ಸುಳ್ಳಲ್ಲ, ಈ ಕೈಯಿಂದ ನಾನೇ ಹಾಕಿದ್ದು. ಒದ್ದೆ ಮಾತ್ರ ಆರಲಿಲ್ಲ. ಈಗ ಅಲ್ಲಿ ಚಾಪೆ ನೇತುಹಾಕಿದ್ದಾರೆ, ಬೇಕಾದರೆ ಹೋಗಿ ನೋಡು. ಪ್ರತಿ ಶುಕ್ರವಾರ ಚಾಪೆ ಬದಲಿಸುತ್ತಾರೆ. ಹಿಂದಿನದು ಕೊಳೆತಿರುತ್ತೆ... ಎಲೆಯಷ್ಟೇ ಜಾಗ.