ಅರಿಶಿನ ಹಚ್ಚಿದ ಮೂಲೆಗಳು

ತೊಂಬತ್ತಾರರ ಒಂದು ಸಂಜೆ ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೆ. ಪಕ್ಕದಲ್ಲಿದ್ದ ಇಬ್ಬರು ಜಮೀನಿನ ಪತ್ರಗಳನ್ನು ಕಂಪ್ಯೂಟರಿಗೆ ಹಾಕುವ ಯಾವುದೋ ಕಂಪನಿಯವರು.

“ಕೆಂಪರಾಜಣ್ಣ, ಅಣ್ಣತಮ್ಮಂದಿರು ಮಾಡ್ಕೊಂಡಿರೋ ಎಷ್ಟೋ ಭಾಗಪತ್ರಾನ ಕಂಪ್ಯೂಟರು ಕ್ರಯಪತ್ರ ಅಂತ ವಿಂಗಡಿಸ್ಬಿಟ್ಟೈತೆ.”

“ಅದರೊಳಗಿನ ನ್ಯೂರಲ್ ನೆಟ್‌ವರ್ಕು ಮಗು ಥರ ಯಶೋದಾ, ತೋರಿಸಿದ್ದನ್ನೇ ಕಲಿಯೋದು. ಕ್ರಯಪತ್ರ ಸರಿಯಾಗೇ ತೋರಿಸಿದ್ವಲ್ಲ?”

“ತೋರಿಸಿದ್ದಕ್ಕೆಲ್ಲ ಮೂಲೇಲಿ ಅರಿಶಿನ ಹಚ್ಚಿತ್ತು. ಜಮೀನು ತಗೊಂಡೋರು ಪತ್ರಕ್ಕೆ ಪೂಜೆ ಮಾಡ್ದೆ ಇರ್ತಾರಾ?”

“ಹಂಗಾದ್ರೆ ಅದು ಅಕ್ಷರಾನೇ ನೋಡಿಲ್ವಾ?”

“ಮೂಲೇಲಿ ಕಲೆ ಇದ್ರೆ ಕ್ರಯ. ಅಷ್ಟೇ ಕಲ್ತಿರೋದು. ಅರಿಶಿನ ಹಚ್ಚಿರೋ ಭಾಗಪತ್ರ ಬಂದ್ರೂ ಕ್ರಯ ಅಂತದೆ.”



“ಹಂಗಾದ್ರೆ ಅಂಥ ಭಾಗಪತ್ರಾನೂ ತೋರಿಸಿ ಕಲಿಸಾಣ.”

“ದಾನಪತ್ರ ಬಂದಾಗ ಹಂಗೇ ಮಾಡಿದ್ವಿ. ಹೊಸದು ಕಲೀತು, ಹಳೇದು ಮರ್ತೋಯ್ತು. ಈಗ ವಿಲ್ ಪತ್ರಗಳೂ ಬರ್ತಾವೆ. ದಿನಾ ಒಂದೊಂದು ಹೊಸ ಜಾತಿ ಪತ್ರ.”

“ಸಾಹೇಬ್ರಿಗೆ ಹೇಳ್ದಾ?”

“ಹೇಳೋಕೆ ಹೋದೆ. ಅಷ್ಟರಲ್ಲಿ ಕಂಪ್ಯೂಟರ್ ವಿಂಗಡಿಸಿದ್ದ ಪಟ್ಟಿ ಜೀಪಲ್ಲಿ ಬೆಂಗಳೂರಿಗೆ ಹೊರಟೋಗಿತ್ತು.”

“ಅಲ್ಲಿ ಯಾರಾದ್ರೂ ಪತ್ರ ತೆಗೆದು ನೋಡ್ತಾರೆ ಬಿಡು.”

“ಕಂಪ್ಯೂಟರ್ ಹೇಳಿದ್ಮೇಲೆ ಯಾರಣ್ಣ ನೋಡ್ತಾರೆ? ಅರಿಶಿನ ಹಚ್ಚಿರೋ ಭಾಗಪತ್ರದ ಜಮೀನೆಲ್ಲ ಮಾರಿರೋ ಲೆಕ್ಕಕ್ಕೆ ಹೋಗ್ತದೆ.”

ದೇವನಹಳ್ಳಿ ಬಸ್ಸು ಬಂತು. ಇಬ್ಬರೂ ಎದ್ದರು. ಫುಟ್‌ಬೋರ್ಡಿನ ಮೇಲೆ ಕಾಲಿಟ್ಟವನು ಅಲ್ಲೇ ತಿರುಗಿ ನಿಂತ.

“ಆ ಪಟ್ಟೀಲಿ ರಾಜಘಟ್ಟದ ಪತ್ರಗಳೂ ಇದ್ವಾ?”

“ಇದ್ವು. ಯಾಕಣ್ಣ?”

ಕಂಡಕ್ಟರ್ ಹತ್ತಿ ಹತ್ತಿ ಎಂದು ಕೂಗುತ್ತಿದ್ದ.

“ಅಲ್ಲಿ ನಮ್ಮ ದೊಡ್ಡಪ್ಪ ಭಾಗ ಕೊಟ್ಟ ದಿನ, ನಮ್ಮ ಪಾಲು ನಮಗೆ ಬಂತೂಂತ, ನಮ್ಮವ್ವ ಪತ್ರದ ನಾಕೂ ಮೂಲೆಗೂ ತಾನೇ ಅರಿಶಿನ ಹಚ್ಚಿದ್ಲು.”